ಅಯ್ಯಮ್ಮನ ಶುಕ್ರವಾರ

ಟಿಣ್, ಟಿಣ್, ಟೀಂ.

ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ ಗೋಡೆಯಾಚೆಯಿಂದ ಈ ದನಿ ಕೇಳಿತೆಂದರೆ, ಈಳಿಗೆಮಣೆಯ ಮುಂದೆ ಕೂತ ಅಯ್ಯಮ್ಮ ಹೆಚ್ಚುತ್ತಿದ್ದ ಬದನೆಕಾಯಿಯನ್ನು ಕೈಯಲ್ಲೇ ಹಿಡಿದು ಕಿವಿಗೊಡುತ್ತಾಳೆ. ಅವಳ ಮನೆಯ ಹಿಂಗೋಡೆಗೂ ಶಾಲೆಯ ಏಳನೇ ತರಗತಿಯ ಗೋಡೆಗೂ ನಡುವೆ ಒಂದು ಆಡು ತೂರುವಷ್ಟೇ ಸಂದಿ. ಆ ಸಂದಿಯಿಂದ ಇಷ್ಟು ವರ್ಷ ಬರೀ ಮಗ್ಗಿಯ ಸದ್ದು, ಹುಡುಗರ ಗದ್ದಲ ಬರುತ್ತಿತ್ತು. ಈಗ ಎಲ್ಲಕ್ಕಿಂತ ಮೊದಲು ಬರುವುದು ಈ ಮೂರು ಸ್ವರ. ಟೀಚರು ಬಂದರು, ಬೋರ್ಡು ಹಚ್ಚಿದರು ಎಂದು ಅರ್ಥ.

"ಎದ್ದಿತು ನೋಡು," ಎನ್ನುತ್ತಾಳೆ ಅಯ್ಯಮ್ಮ, ತೊಟ್ಟಿಲಲ್ಲಿ ಕೂಸು ಮಿಸುಕಿದಾಗ ಹೇಳುವ ಹಾಗೆ. ಆಮೇಲೆ ಬದನೆಕಾಯಿ ಬುಟ್ಟಿ ಸೊಂಟಕ್ಕೇರಿಸಿ ಶಾಲೆಯ ಅಡುಗೆಮನೆಗೆ ಹೊರಡುತ್ತಾಳೆ.

ಮಸರಕಲ್ಲಿನಿಂದ ಒಳಗೆ, ಕಾಲುವೆ ದಾಟಿ ಬಂದರೆ ಸಿಗುವ ಸಣ್ಣ ಊರು ಅದು. ಅಲ್ಲಿಯ ಸರಕಾರಿ ಶಾಲೆಯಲ್ಲಿ ಅಯ್ಯಮ್ಮ ಹನ್ನೊಂದು ವರ್ಷದಿಂದ ಬಿಸಿಯೂಟದ ಅಡುಗೆಯವಳು. ಹುಟ್ಟಿದ್ದು ಗೂಗಲ್ಲಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಮೂರನೇ ತರಗತಿಯಲ್ಲಿ ಪಾಟಿ ಕೆಳಗಿಟ್ಟು ತಮ್ಮನನ್ನು ಕಂಕುಳಿಗೆ ಎತ್ತಿಕೊಂಡವಳು, ಅವನನ್ನು ಇಳಿಸುವ ಹೊತ್ತಿಗೆ ಮದುವೆಗೆ ಬಂದಿದ್ದಳು. ಗಂಡ ಹಂಪಯ್ಯ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಭಾನುವಾರಕ್ಕೊಮ್ಮೆ ಮೈತುಂಬ ತೌಡಿನ ವಾಸನೆ ಹೊತ್ತು ಊರಿಗೆ ಬರುತ್ತಾನೆ. ಅಯ್ಯಮ್ಮನೂ ಮೊದಮೊದಲು ಅವನ ಜೊತೆ ಹೋಗಿ ಮಾನ್ವಿಯ ಗದ್ದೆಗಳಲ್ಲಿ ಬಗ್ಗಿ ನಾಟಿ ಹಚ್ಚಿದವಳೇ. ಶಾಲೆಯ ಒಲೆಯ ಮುಂದೆ ನಿಂತ ಮೇಲೆ ಅವಳ ಬೆನ್ನು ನೆಟ್ಟಗಾಯಿತು ಎಂದು ಓಣಿಯ ಹೆಂಗಸರು ಈಗಲೂ ಆಡಿಕೊಳ್ಳುತ್ತಾರೆ.

ನೂರಾ ಮೂವತ್ತು ಮಕ್ಕಳ ಹೊಟ್ಟೆ ಅವಳಿಗೆ ಬಾಯಿಪಾಠ. ಯಾರಿಗೆ ಎರಡು ಸೌಟು, ಯಾರು ನಾಚಿಕೆಗೆ ಸಾಕೆಂದು ಹಸಿದೇ ಏಳುತ್ತಾರೆ, ಯಾರ ಮನೆಯಲ್ಲಿ ರಾತ್ರಿ ಒಲೆ ಉರಿದಿಲ್ಲ, ಎಲ್ಲವೂ ತಟ್ಟೆ ನೋಡಿದರೆ ತಿಳಿಯುತ್ತದೆ. ಶಾಲೆ ಹೇಗೆ ನಡೆದಿದೆ ಎಂದು ಯಾರಾದರೂ ಕೇಳಿದರೆ ಅಯ್ಯಮ್ಮ ಹಾಕಿದ ಅಕ್ಕಿಯ ಲೆಕ್ಕದಲ್ಲಿ ಹೇಳುತ್ತಾಳೆ. ಹತ್ತಿ ಬಿಡಿಸುವ ದಿನಗಳಲ್ಲಿ ಅರ್ಧ ಮಕ್ಕಳು ಅವ್ವಂದಿರ ಹಿಂದೆ ಹೊಲಕ್ಕೆ ಹೋಗಿಬಿಡುತ್ತಾರೆ. ದೊಡ್ಡ ಬೋಗುಣಿ ತಲೆಕೆಳಗಾಗಿ ಬೀಳುತ್ತದೆ, ಸಣ್ಣ ಬೋಗುಣಿಯೇ ಸಾಕಾಗುತ್ತದೆ. ಹೋದ ವರ್ಷ ಹತ್ತಿ ಕಾಲದಲ್ಲೂ ದೊಡ್ಡ ಬೋಗುಣಿ ಒಲೆಯಿಂದ ಕೆಳಗಿಳಿಯಲಿಲ್ಲ. ಅದಕ್ಕೆ ಕಾರಣ ಆ ಬೋರ್ಡು.

ಬೋರ್ಡು ತಾನಾಗಿ ಬಂದದ್ದಲ್ಲ. ವಿಜ್ಞಾನ ಹೇಳುವ ನೇತ್ರಾವತಿ ಟೀಚರು ರಾಯಚೂರಿನವರು. ದೇವದುರ್ಗದಲ್ಲಿ ಕೋಣೆ ಹಿಡಿದು, ದಿನಾ ಬಸ್ಸಿಳಿದು ಕಾಲುವೆಯ ಏರಿಯ ಮೇಲೆ ನಡೆದು ಬರುವವರು. ಮಕ್ಕಳಿಗೆ ಹೃದಯ ಬಡಿಯುವುದನ್ನು ತೋರಿಸಬೇಕು, ಭೂಮಿ ತಿರುಗುವುದನ್ನು ತೋರಿಸಬೇಕು ಎಂದು ಒಂದು ಸೇವಾ ಸಂಸ್ಥೆಗೆ ಪತ್ರದ ಮೇಲೆ ಪತ್ರ ಬರೆದು ತರಿಸಿದ್ದರು. ಮುಟ್ಟಿದರೆ ಬರೆಯುವ, ಮುಟ್ಟಿದರೆ ತೆರೆಯುವ, ಚಕ್ರದ ಸ್ಟ್ಯಾಂಡಿನ ಮೇಲೆ ನಿಲ್ಲುವ ದೊಡ್ಡ ಗಾಜಿನ ಬೋರ್ಡು. ಮಕ್ಕಳು ಅದಕ್ಕೆ ದೊಡ್ಡ ಫೋನು ಎಂದು ಹೆಸರಿಟ್ಟರು. ಸಂಸ್ಥೆಯವರದು ಒಂದೇ ಷರತ್ತು: ಮೂರು ತಿಂಗಳು ನೋಡುತ್ತೇವೆ, ಚೆನ್ನಾಗಿ ಬಳಸಿದರೆ ನಿಮ್ಮಲ್ಲೇ ಇರಲಿ, ಇಲ್ಲವಾದರೆ ಮಾನ್ವಿ ಕಡೆಯ ಒಂದು ಶಾಲೆ ಕಾದು ಕೂತಿದೆ, ಅಲ್ಲಿಗೆ ಒಯ್ಯುತ್ತೇವೆ.

ಬಂದ ಎರಡನೇ ದಿನವೇ ಟೀಚರು ಊಟದ ಹೊತ್ತಿಗೆ ಅಯ್ಯಮ್ಮನನ್ನು ಕರೆದರು.

"ಬರ್ರಿ ಅಕ್ಕಾ ಒಳಗ. ನಿಮ್ಮ ತವರಮನಿ ಯಾವೂರು?"

"ಗೂಗಲ್ರೀ. ಹೊಳಿ ದಂಡಿ ಮ್ಯಾಲಿನ ಊರು."

"ನಡೀರಿ, ಹೋಗಿ ಬರೋಣು."

ಗಾಜಿನ ಮೇಲೆ ನೆಲ ಹರಡಿಕೊಂಡಿತು, ಹದ್ದಿನ ಕಣ್ಣಿಗೆ ಕಾಣುವ ಹಾಗೆ. ಹೊಲಗಳ ತೇಪೆ, ದಾರದಂಥ ಕಾಲುವೆ, ಆಮೇಲೆ ಅಗಲವಾಗಿ ಕೃಷ್ಣೆ. ಟೀಚರು ಬೆರಳು ಆಡಿಸಿದಂತೆ ದಂಡೆ ಹತ್ತಿರ ಹತ್ತಿರ ಬಂತು. ಅಯ್ಯಮ್ಮ ಸೌಟು ಹಿಡಿದೇ ನಿಂತಿದ್ದಳು. ಒಮ್ಮೆಲೇ ಅವಳ ಕೈ ಮುಂದೆ ಹೋಯಿತು.

"ಅಲ್ಲಮಪ್ರಭು ಗುಡಿ! ಇದು ಗುಡಿರೀ ಮೇಡಂ! ಇದರ ಹಿಂದಿನ ಮೆಟ್ಟಲದಾಗ ನಾ ಅರಬಿ ಒಗೀತಿದ್ದೆ. ಇಲ್ಲೇ. ಇದs ಮೆಟ್ಟಲ."

ಮಕ್ಕಳೆಲ್ಲ ಹೋ ಎಂದವು. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಆ ಹೆಂಗಸು ತವರಿಗೆ ಹೋದದ್ದು ಕೈಬೆರಳೆಣಿಕೆಯ ಸಲ. ಈಗ ತವರೇ ಗೋಡೆ ಹಾಯ್ದು ಅವಳ ಕೈಯಳತೆಗೆ ಬಂದು ನಿಂತಿತ್ತು. ಅವಳ ಬೆರಳು ಸೋಕಿದ ಕಡೆ ಸಾರಿನ ಹಳದಿ ಕಲೆ ಉಳಿಯಿತು. ಟೀಚರು ನಗುತ್ತಲೇ ಒರೆಸಿದರು.

"ಗಾಜಿಗೆ ಮಾತ್ರ ಏನೂ ಹಚ್ಚಬ್ಯಾಡ್ರಕ್ಕಾ. ಅಷ್ಟು ಕಾಳಜಿ ಮಾಡ್ರಿ ಸಾಕು."

ಅಯ್ಯಮ್ಮ ಆ ಮಾತನ್ನು ಸೆರಗಿನ ಗಂಟಿನಂತೆ ಕಟ್ಟಿಕೊಂಡಳು. ಗಾಜಿಗೆ ಏನೂ ಹಚ್ಚಬಾರದು. ಸರಿ. ಆದರೆ ಇಂಥದೊಂದು ವಸ್ತು ಮನೆಗೆ ಬಂದ ಮೇಲೆ ಅದನ್ನು ಬರಿದಾಗಿ ಬಿಡುವುದು ಹೇಗೆ? ಶಾಲೆಯ ಗ್ಯಾಸಿನ ಒಲೆಗೆ, ಅಕ್ಕಿಯ ಡ್ರಮ್ಮಿಗೆ, ಅಡುಗೆಮನೆಯ ಬಾಗಿಲಿಗೆ ಶುಕ್ರವಾರಕ್ಕೊಮ್ಮೆ ಅರಿಷಿಣ ಕುಂಕುಮ ಇಡುವವಳು ಅವಳೇ. ಮರುದಿನ ಶುಕ್ರವಾರ. ಬೆಳಿಗ್ಗೆ ತನ್ನ ಬಳಿಯಿದ್ದ ಕೀಲಿಯಿಂದ ತರಗತಿಯ ಬೀಗ ತೆಗೆದವಳು ಸ್ನಾನದ ಒದ್ದೆಗೂದಲಲ್ಲೇ ಸ್ಟೂಲು ಹತ್ತಿ, ಗಾಜನ್ನು ಉಗುರಿಗೂ ಸೋಕಿಸದೆ, ಸುತ್ತಲಿನ ಕಪ್ಪು ಚೌಕಟ್ಟಿನ ಒಳ ಅಂಚಿಗೆ ಮನೆಬಾಗಿಲಿಗೆ ಹಚ್ಚುವಂತೆ ಹಸಿ ಅರಿಷಿಣ ತೀಡಿದಳು. ಮೇಲೆ ಮೂರು ಬೊಟ್ಟು, ಕೆಳಗೆ ಹೊಸ್ತಿಲಿನಂತೆ ಐದು. ಕೈಮುಗಿದು ಇಳಿದಳು.

ಆ ದಿನ ಬೋರ್ಡು ಕೆಟ್ಟಿತು.

ಮೂರು ಸ್ವರವೇನೋ ಕೇಳಿತು. ಆಮೇಲೆ ಟೀಚರು ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ತೆರೆಯುತ್ತಿತ್ತು. ಯಾರೂ ಮುಟ್ಟದಿದ್ದರೂ ಅಂಚಿನಲ್ಲಿ ತಾನೇ ಗೆರೆ ಎಳೆದುಕೊಳ್ಳುತ್ತಿತ್ತು. "ಟೀಚರ್, ದೆವ್ವ ಬರೀತದ!" ಎಂದು ಮಕ್ಕಳು ಕುಣಿದವು. ಶನಿವಾರವೂ ಅದೇ. ಸೋಮವಾರ ತುಸು ಸುಧಾರಿಸಿತು. ಬುಧವಾರದ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ನೆಟ್ಟಗಾಯಿತು.

ಬೋರ್ಡಿನ ರಿಪೇರಿಗೆ ಮಾನ್ವಿಯಿಂದ ಬರುವವನು ಜಿಲಾನಿ ಪಾಷಾ. ಇಪ್ಪತ್ತೆಂಟರ ಆಸುಪಾಸು, ಬಾಯಿತುಂಬ ಮಾತು. ದೇವದುರ್ಗದ ಕಡೆಗೆ ಅವನ ಬೈಕು ತಿರುಗುವುದು ಗುರುವಾರಕ್ಕೊಮ್ಮೆ. ಅವನು ಬಂದು, ಹಚ್ಚಿ, ಬರೆದು, ಅಳಿಸಿ ನೋಡಿದ. ಬೋರ್ಡು ಹೇಳಿದ ಹಾಗೆ ಕೇಳಿತು.

"ಏನಾಗೇದ್ರೀ ಮೇಡಂ? ಗಟ್ಟಿಮುಟ್ಟ ಅದಲ್ಲ!"

"ಮೊನ್ನಿ ಶುಕ್ರವಾರ ನೀವು ನೋಡಬೇಕಿತ್ತು."

"ನಾ ಬಂದ್ರ ಅದಕ್ಕ ಜ್ವರ ಇಳೀತದ ಕಾಣಸ್ತದ," ಎಂದು ನಕ್ಕು ಹೊರಟ.

ಮರುದಿನ ಮತ್ತೆ ಕೆಟ್ಟಿತು. ಇದೇ ಆಟ ಒಂದು ವಾರವಲ್ಲ, ಮೂರು ವಾರ ನಡೆಯಿತು. ಶುಕ್ರವಾರ ಹುಚ್ಚು ಹಿಡಿಯುವುದು, ಗುರುವಾರ ಜಿಲಾನಿ ಬರುವಷ್ಟರಲ್ಲಿ ಸಾಧುವಾಗುವುದು. ಹೆಡ್‌ಮಾಸ್ತರ್ ವಿರೂಪಣ್ಣನವರಿಗೆ ತಾಳ್ಮೆ ತಪ್ಪಿತು. "ಬೋರ್ಡು ಚಲೋನs ಅದ. ನಿಮಗs ನಡಿಸಾಕ ಬರವಲ್ದೋ ಏನೋ ನೋಡ್ರಿ ಮೇಡಂ," ಎಂದು ಮಕ್ಕಳ ಎದುರಿಗೇ ಅಂದುಬಿಟ್ಟರು. ಅಂದು ನೇತ್ರಾವತಿ ಟೀಚರ ತಟ್ಟೆ ಅನ್ನ ಕಲಸಿದ್ದು ಕಲಸಿದಂತೆಯೇ ಅಡುಗೆಮನೆಗೆ ಬಂತು. ತಟ್ಟೆ ನೋಡಿ ತಿಳಿಯುವವಳಿಗೆ ಬೇರೆ ಹೇಳಬೇಕೆ?

ಅಯ್ಯಮ್ಮ ತನಗೆ ಗೊತ್ತಿದ್ದ ಉಪಾಯ ಮಾಡಿದಳು. ಯಾರದೋ ದೃಷ್ಟಿ ತಾಗಿದೆ, ಪೂಜೆ ಸಾಲದಾಗಿದೆ. ಮುಂದಿನ ಶುಕ್ರವಾರ ಬೊಟ್ಟು ಎಂಟಿದ್ದದ್ದು ಇಪ್ಪತ್ತಾಯಿತು. ಚೆಂಡುಹೂವಿನ ಸರ ಬಂತು, ತೆಂಗಿನಕಾಯಿ ಒಡೆಯಿತು. ಬೋರ್ಡು ಅಂದು ಕೆಟ್ಟಷ್ಟು ಯಾವತ್ತೂ ಕೆಟ್ಟಿರಲಿಲ್ಲ.

ಯಾರ ಕಣ್ಣಿಗೂ ಆ ಅರಿಷಿಣ ಬಿದ್ದಿರಲಿಲ್ಲವೇ ಎಂದರೆ, ಎಲ್ಲರ ಕಣ್ಣಿಗೂ ಬಿದ್ದಿತ್ತು. ಶಾಲೆಯ ಬಾಗಿಲ ಮೇಲೆ ಅದೇ ಹಳದಿ, ಹೆಡ್‌ಮಾಸ್ತರರ ಟ್ರ್ಯಾಕ್ಟರಿನ ಮೂತಿಯ ಮೇಲೆ ಅದೇ ಹಳದಿ, ಜಿಲಾನಿಯ ಸಾಮಾನಿನ ಪೆಟ್ಟಿಗೆಯ ಮೇಲೆ ಅವನ ಅಂಗಡಿ ಮಾಲೀಕರು ಆಯುಧಪೂಜೆಗೆ ಹಚ್ಚಿದ್ದೂ ಅದೇ. ಹುಟ್ಟಿದಾಗಿನಿಂದ ಕಂಡದ್ದನ್ನು ಯಾರು ನಿಂತು ನೋಡುತ್ತಾರೆ?

ಸಂಸ್ಥೆಯಿಂದ ಪತ್ರ ಬಂತು: ಇಷ್ಟು ದೂರು ಬಂದಿರುವ ಕಡೆ ಬೋರ್ಡು ಇಡುವುದರಲ್ಲಿ ಅರ್ಥವಿಲ್ಲ, ಬರುವ ಗುರುವಾರ ಟೆಂಪೋ ಕಳಿಸುತ್ತೇವೆ. ಭಾನುವಾರ ಬಂದ ಹಂಪಯ್ಯನಿಗೆ ಅಯ್ಯಮ್ಮ ಇದನ್ನು ಹೇಳಿಕೊಂಡಳು.

"ಹೋಗಲಿ ಬಿಡಬೇ," ಎಂದ ಅವನು, ರೊಟ್ಟಿ ಮುರಿಯುತ್ತ. "ಮಾನ್ವ್ಯಾಗೂ ಮಕ್ಕಳs ಅದಾವ."

"ಅವರಿಗೂ ಬರಲಿ, ನಾ ಬ್ಯಾಡ ಅಂದೀನೇನು? ನಮ್ಮದು ಯಾಕ ಹೋಗಬೇಕು? ಹತ್ತಿ ಹೊಲ ಬಿಟ್ಟು ಸಾಲಿಗಿ ಬಂದಾವ ಹುಡುಗ್ರು. ದೊಡ್ಡ ಬೋಗುಣಿ ಮತ್ತ ಡಬ್ಬು ಹಾಕಲೇನು ನಾನು?"

ಹಂಪಯ್ಯ ಮುರಿದ ರೊಟ್ಟಿಯನ್ನು ತಟ್ಟೆಗೇ ಇಟ್ಟ. ಹೆಂಡತಿಯ ದನಿ ಅಷ್ಟು ಮೇಲೇರಿದ್ದನ್ನು ಅವನು ಕೇಳಿದ್ದು ಕಡಿಮೆ.

ಬುಧವಾರ ಬಂತು, ಟೆಂಪೋ ಬರುವ ಹಿಂದಿನ ದಿನ. ಮಧ್ಯಾಹ್ನದ ಊಟ ಮುಗಿದು ಮಕ್ಕಳು ಬಯಲಿಗೆ ಹೋಗಿದ್ದವು. ಅಯ್ಯಮ್ಮ ಏಳನೇ ತರಗತಿಯ ಕಸ ಹೊಡೆಯಲು ಬಂದಳು. ಬೋರ್ಡು ಬಿಳಿ ಹಾಳೆ ತೆರೆದುಕೊಂಡು ನಿಂತಿತ್ತು. ಮೇಜಿನ ಮೇಲೆ ಟೀಚರ ನೋಟುಬುಕ್ಕು ತೆರೆದಿತ್ತು. ಬೋರ್ಡು ಕೆಡಲು ಶುರುವಾದ ದಿನಗಳನ್ನು ಅವರು ಸಾಲಾಗಿ ಬರೆದಿಟ್ಟಿದ್ದರು. ಮೂರನೇ ತರಗತಿಯವರೆಗಿನ ಅಕ್ಷರ ಅಯ್ಯಮ್ಮನಿಗೆ ಪೂರಾ ಮರೆತಿರಲಿಲ್ಲ. ಒಂದೊಂದೇ ಕೂಡಿಸಿ ಓದಿದಳು. ಪ್ರತಿ ಸಾಲಿನ ಮೊದಲಿಗೆ ಒಂದೇ ವಾರದ ಹೆಸರು: ಶುಕ್ರವಾರ.

ಅಷ್ಟರಲ್ಲಿ ಸಾರಿನ ವಾಸನೆಗೆ ಬಂದ ನೊಣವೊಂದು ಬೋರ್ಡಿನ ಮೇಲೆ ಕೂತು, ಕೆಳಗಿನ ಅಂಚಿನುದ್ದಕ್ಕೆ ನಡೆಯಿತು. ಅದರ ಹಿಂದೆಯೇ ಬಿಳಿ ಹಾಳೆಯ ಮೇಲೆ ಕಪ್ಪು ಗೆರೆಯೊಂದು ತಡೆತಡೆದು ಮೂಡುತ್ತ ಹೋಯಿತು.

ಅಯ್ಯಮ್ಮನ ಕೈಯಿಂದ ಕಸಬರಿಗೆ ಜಾರಿತು. ಬೆರಳೇ ಆಗಬೇಕೆಂದಿಲ್ಲ. ಅಂಚಿನಲ್ಲಿ ಏನು ಅಡ್ಡ ಬಂದರೂ ಈ ಬೋರ್ಡು ಅದನ್ನು ಬೆರಳೆಂದೇ ತಿಳಿಯುತ್ತದೆ. ಶುಕ್ರವಾರ ಹಚ್ಚಿದ ಹಸಿ ಅರಿಷಿಣ ವಾರವಿಡೀ ಒಣಗಿ, ಫ್ಯಾನಿನ ಗಾಳಿಗೆ ಉದುರಿ, ಬುಧವಾರಕ್ಕೆ ತೆಳ್ಳಗೆ ಕಲೆಯಷ್ಟೇ ಉಳಿಯುತ್ತಿತ್ತು. ಅವಳು ಅಂಚನ್ನು ಮುಟ್ಟಿ ನೋಡಿದಳು. ಬೆರಳಿಗೆ ಹಳದಿ ಪುಡಿ ಹತ್ತಿತು.

ಆ ಸಂಜೆ ಮನೆಯ ಬೇಳೆಗೆ ಎರಡು ಸಲ ಉಪ್ಪು ಬಿತ್ತು. ಸುಮ್ಮನಿದ್ದುಬಿಡಬಹುದಿತ್ತು. ಇನ್ನು ಅರಿಷಿಣ ಹಚ್ಚದಿದ್ದರೆ ಬೋರ್ಡು ಕೆಡುವುದಿಲ್ಲ, ಯಾರಿಗೂ ತಿಳಿಯುವುದೂ ಇಲ್ಲ. ಆದರೆ ನಾಳೆಯೇ ಅದು ಮಾನ್ವಿಯ ದಾರಿ ಹಿಡಿಯುತ್ತದೆ, ಮೇಡಂ ತಲೆ ಕೆಳಗೆ ಹಾಕಿಕೊಂಡೇ ಉಳಿಯುತ್ತಾರೆ. ಬಾಯಿಬಿಟ್ಟರೆ ತನ್ನ ಸೌಟು ಹೋಗಬಹುದು. ಅಡುಗೆಯವರನ್ನು ಇಡುವುದೂ ಬಿಡುವುದೂ ಹೆಡ್‌ಮಾಸ್ತರರ ಒಂದು ಮಾತಿನಲ್ಲಿತ್ತು, ಅವರ ಮಾತು ಚಾಟಿ ಇದ್ದಂತೆ.

ಗುರುವಾರ ಹನ್ನೊಂದಕ್ಕೆ ಟೆಂಪೋ ಬಂದು ಬೇವಿನ ಗಿಡದ ಕೆಳಗೆ ನಿಂತಿತು. ಜಿಲಾನಿ ತಂತಿ ಬಿಚ್ಚುವ ಮುನ್ನ ಕೊನೆಯ ಸಲ ಹಚ್ಚಿ ನೋಡಿದ. ಟಿಣ್, ಟಿಣ್, ಟೀಂ. ಬೋರ್ಡು ಎಂದಿನಂತೆ ಗುರುವಾರದ ಸಾಧು. ಮಕ್ಕಳು ಕಿಟಕಿಗೆ ಜೋತುಬಿದ್ದಿದ್ದವು. ನೇತ್ರಾವತಿ ಟೀಚರು ಕೈಕಟ್ಟಿ ಗೋಡೆಗೆ ಒರಗಿದ್ದರು.

"ಬಿಚ್ಚಪಾ ಇನ್ನ," ಎಂದರು ವಿರೂಪಣ್ಣ.

"ತಡೀರಿ ಸರ್."

ಬಾಗಿಲಲ್ಲಿ ಅಯ್ಯಮ್ಮ. ಒಂದು ಕೈಯಲ್ಲಿ ಅರಿಷಿಣದ ಡಬ್ಬಿ, ಇನ್ನೊಂದರಲ್ಲಿ ನೀರಿನ ಲೋಟ.

"ಬೀಳ್ಕೊಡಾಕ ಪೂಜಿ ಮಾಡ್ತಿ ಏನಬೇ?" ಎಂದರು ವಿರೂಪಣ್ಣ.

ಅವಳು ಅಂಗೈಯಲ್ಲಿ ಅರಿಷಿಣ ಕಲಸಿದಳು. ಬೋರ್ಡಿನ ಮುಂದೆ ಹೋಗಿ, ಗಾಜು ಸೋಕದಂತೆ, ಕೆಳಗಿನ ಅಂಚಿಗೆ ಐದು ಬೊಟ್ಟು ಇಟ್ಟಳು. ಮೂರನೇ ಬೊಟ್ಟಿಗೇ ಹಾಳೆಯ ಮೇಲೆ ಗೆರೆ ಮೂಡಿತು. ಐದನೆಯದಕ್ಕೆ ಎಲ್ಲವೂ ತೆರೆದು ಮುಚ್ಚಿ ಕುಣಿಯತೊಡಗಿತು. "ದೆವ್ವ ಬಂತು!" ಎಂದಿತು ಕಿಟಕಿಯ ಒಂದು ಮಗು. ಅಯ್ಯಮ್ಮ ಸೆರಗು ಹಿಡಿದು ಅಂಚನ್ನು ಉದ್ದಕ್ಕೂ ಒರೆಸಿದಳು. ಬೋರ್ಡು ಶಾಂತವಾಯಿತು.

"ದೆವ್ವ ನಾನs ರೀ," ಎಂದಳು. "ಶುಕ್ರವಾರಕ್ಕೊಮ್ಮೆ ನಾನs ಹಚ್ಚೀನಿ. ಕೆಟ್ಟಷ್ಟೂ ಹೆಚ್ಚು ಹಚ್ಚೀನಿ. ನಿನ್ನಿ ಒಂದು ನೊಣ ನನಗ ತಿಳಿಸ್ತು. ಮೇಡಂದು ಏನೂ ತಪ್ಪಿಲ್ಲ."

"ನಿನಗ್ಯಾರು ಹೇಳಿದ್ರು ಹಚ್ಚಂತ?" ವಿರೂಪಣ್ಣನವರ ಮುಖ ಕೆಂಪಾಯಿತು.

"ನಿಮ್ಮ ಹೊಸ ಟ್ರ್ಯಾಕ್ಟರಿಗಿ ಹಚ್ಚು ಅಂತ ನೀವs ಕರದಿದ್ರಲ್ರಿ ಸರ್, ಅದಕ್ಕ ಹಚ್ಚಿದ ಕೈಯಿಂದನs ಇದಕ್ಕೂ ಹಚ್ಚೀನಿ. ಮೇಡಂ ಗಾಜಿಗಿ ಹಚ್ಚಬ್ಯಾಡ ಅಂದಿದ್ರು. ಗಾಜಿಗಿ ಒಂದು ದಿನಾನೂ ಹಚ್ಚಿಲ್ಲ, ನೋಡ್ಕೋರಿ."

ವಿರೂಪಣ್ಣ ಕುರ್ಚಿ ಎಳೆದು ಕೂತರು. ಜಿಲಾನಿ ಮಾತ್ರ ಮಂಡಿಯೂರಿ ಅಂಚಿಗೆ ಕಣ್ಣು ಹಚ್ಚಿ ಕೂತಿದ್ದ.

"ಯಾ ಅಲ್ಲಾ," ಎಂದ. "ಮೇಡಂ, ಇದರಾಗ ಕಣ್ಣಿಗಿ ಕಾಣದ ಬೆಳಕಿನ ಎಳಿ ಅದಾವ್ರೀ. ಈ ಅಂಚಿಂದ ಆ ಅಂಚಿಗಿ, ಮ್ಯಾಗಿಂದ ಕೆಳಗ, ಮಗ್ಗದಾಗ ನೂಲು ಹಾಸಿದಂಗ. ನಡುವ ಏನರೆ ಅಡ್ಡ ಬಂದ್ರ ಬೆರಳು ಅಂತ ತಿಳೀತದ. ಇದು ನನಗ ಗೊತ್ತು. ಗೊತ್ತಿದ್ದೂ ಈ ಅರಿಷಿಣ ನನಗ ಕಾಣಲಿಲ್ಲ ನೋಡ್ರಿ!"

ಅವನಿಗೆ ಇನ್ನೇನೋ ಹೊಳೆಯಿತು. ಫೋನು ತೆಗೆದು, ಎಲ್ಲರಿಗೂ ಕೇಳುವಂತೆ ಇಟ್ಟು, ಮಾನ್ವಿ ಹತ್ತಿರದ, ಮೊದಲೇ ಬೋರ್ಡು ಬಂದಿದ್ದ ಇನ್ನೊಂದು ಶಾಲೆಯ ಟೀಚರಿಗೆ ಹಚ್ಚಿದ. ಅಲ್ಲಿಯ ಬೋರ್ಡಿಗೂ ಎರಡು ತಿಂಗಳಿಂದ ಇದೇ ರೋಗ. ಅವನು ತಂತಿ ಬದಲಿಸಿ ಬದಲಿಸಿ ಸೋತಿದ್ದ.

"ಮೇಡಂ, ನಿಮ್ಮ ಬೋರ್ಡಿನ ಅಂಚಿಗಿ ಅರಿಷಿಣ ಅದ ಏನ್ರಿ?"

"ಅದ," ಎಂದಿತು ಆ ಕಡೆಯ ದನಿ. "ಪ್ರತಿ ಸೋಮವಾರ ಇಡ್ತೀವಲ್ಲ. ಯಾಕ್ರೀ?"

ಏಳನೇ ತರಗತಿ ನಗುವಿನಲ್ಲಿ ಮುಳುಗಿತು. ಗೋಡೆಗೆ ಒರಗಿದ್ದ ನೇತ್ರಾವತಿ ಟೀಚರೂ ಬಾಯಿಗೆ ಕೈ ಅಡ್ಡವಿಟ್ಟು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಜಿಲಾನಿ ಸಂಸ್ಥೆಯವರಿಗೂ ಮಾತಾಡಿದ. ತಪ್ಪು ಬೋರ್ಡಿನದಲ್ಲ, ಶಾಲೆಯವರದೂ ಅಲ್ಲ, ಕಾರಣ ಸಿಕ್ಕಿದೆ, ಕಂಡುಹಿಡಿದವರು ಇಲ್ಲಿಯವರೇ ಎಂದ. ಆ ಕಡೆಯವರು ಬಹಳ ಹೊತ್ತು ಕೇಳಿದರು, ಆಮೇಲೆ ಸರಿ ಎಂದರು. ಜಿಲಾನಿ ಕಿಟಕಿಯಿಂದಲೇ ಟೆಂಪೋದವನಿಗೆ ಕೈಬೀಸಿದ.

"ಖಾಲಿ ಹೋಗಪಾ! ಬೋರ್ಡು ಇಲ್ಲೇ ಇರತದ!"

ಟೆಂಪೋ ಧೂಳೆಬ್ಬಿಸಿ ಕಾಲುವೆಯ ಕಡೆ ತಿರುಗಿತು. ಮಕ್ಕಳು ಅದರ ಹಿಂದೆ ಗೇಟಿನವರೆಗೂ ಕೂಗುತ್ತ ಓಡಿದವು. ವಿರೂಪಣ್ಣ ಎದ್ದು, ಅಯ್ಯಮ್ಮನತ್ತ ನೇರ ನೋಡದೆ, "ಮೇಡಂ, ಅವತ್ತು ನಾ ಅಂದದ್ದು ಮನಸ್ಸಿಗಿ ಹಚ್ಕೋಬ್ಯಾಡ್ರಿ," ಎಂದರು. ಬಾಗಿಲವರೆಗೆ ಹೋದವರು ತಿರುಗಿ, "ಅಯ್ಯಮ್ಮಾ, ಇವತ್ತು ನನಗೂ ಒಂದು ತಟ್ಟಿ ಹಾಕಬೇ," ಎಂದರು. ಹನ್ನೊಂದು ವರ್ಷದಲ್ಲಿ ಅವರು ಶಾಲೆಯ ಊಟ ಕೇಳಿದ್ದು ಅದೇ ಮೊದಲು.

ಜಿಲಾನಿ ತನ್ನ ರಿಪೇರಿ ವರದಿಯ ಹಾಳೆ ತೆಗೆದು ಬರೆಯತೊಡಗಿದ. "ದೋಷ ಪತ್ತೆ ಮಾಡಿದವರು ಅಂತ ಒಂದು ಮನಿ ಅದ್ರೀ ಇದರಾಗ. ಯಾವಾಗಲೂ ನನ್ನ ಹೆಸರs ಬರೀತಿದ್ದೆ." ಅವನು ಅಯ್ಯಮ್ಮ ಎಂದು ಬರೆದು, ಕೆಳಗೆ ಒಂದು ಗೆರೆ ಎಳೆದ. "ಯವ್ವಾ, ಇನ್ನೊಂದು ಮಾತು. ಬರೋ ತಿಂಗಳ ರಾಯಚೂರಾಗ ಮಾಸ್ತರರಿಗೆ ತರಬೇತಿ ಅದ, ಈ ಬೋರ್ಡು ಹೆಂಗ ಜ್ವಾಪಾನ ಮಾಡಬೇಕು ಅಂತ. ನೀವು ಬಂದು ಇವತ್ತು ಮಾಡಿದ್ದನ್ನ ಅಲ್ಲಿ ಮಾಡಿ ತೋರಸ್ರಿ."

"ನಾನು? ಮಾಸ್ತರರಿಗೆ?"

"ನೀವs. ಅವರಿಗಿ ನಾ ಹೇಳಿದ್ರ ತಲಿಗಿ ಹೋಗಂಗಿಲ್ಲ."

ಅಯ್ಯಮ್ಮ ಟೀಚರ ಮುಖ ನೋಡಿದಳು. ಟೀಚರು ತಲೆಯಾಡಿಸಿದರು. ಅಯ್ಯಮ್ಮ ಬೋರ್ಡನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಸೆರಗಿನ ಹಳದಿ ಕಲೆಯನ್ನು ಒಳಕ್ಕೆ ಮಡಚಿ ಸಿಕ್ಕಿಸಿ, ಬೆನ್ನು ನೆಟ್ಟಗೆ ಮಾಡಿ ನಿಂತಳು. ಆಗಲೇ ಅಡುಗೆಮನೆಯಿಂದ ಕುಕ್ಕರು ಮೂರನೇ ಸಲ ಕೂಗಿತು.

"ಬರತೀನ್ರಿ, ಯಾಕ ಬರಬಾರದು," ಎಂದಳು. ಹೇಳುತ್ತಲೇ ಬಾಗಿಲು ದಾಟಿದ್ದಳು; ಬೇವಿನ ಗಿಡದ ನೆರಳು ಹಾಯ್ದು, ತಿರುಗಿ ನೋಡದೆ, ದನಿಯನ್ನಷ್ಟೇ ಹಿಂದಕ್ಕೆ ಎಸೆಯುತ್ತ ನಡೆದಳು. "ಸೋಮವಾರ ಮಾತ್ರ ಇಡಬ್ಯಾಡ್ರಿ, ನೂರಾ ಮೂವತ್ತು ತತ್ತಿ ಸುಲಿಯೋದು ಇರತದ, ಶುಕ್ರವಾರ ಅಂತೂ ಆಗಂಗೇ ಇಲ್ಲ, ನನಗ ಇದರ ಪೂಜಿ ಅದ, ಹೆದರಬ್ಯಾಡ್ರಿ ಮೇಡಂ, ಇನ್ನ ಕಾಲಿಗಿ ಹಚ್ಚತೀನಿ, ಚಕ್ರದ ಹತ್ರ, ದೇವರಿಗಾದರೂ ಪಾದಕ್ಕs ಅಲ್ಲೇನ್ರಿ ಹಚ್ಚೋದು, ಗುರುವಾರ ಇಟ್ರ ನೋಡ್ರಿ ನಾ ಮುಂಜಾನಿ ಬಸ್ಸಿಗೇ ಬರತೀನಿ!"